ಟೆಸ್ಟೊಸ್ಟಿರೋನ್ ಚಿಕಿತ್ಸೆಯಲ್ಲೂ ಬಿಡದ ಸುಸ್ತು: ಯಾವುದಕ್ಕೆ ಯಾವುದು ಒಗ್ಗಿತು?

ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗಡ್ಡೆ ತೆಗೆಸಿಕೊಂಡ ನನ್ನಂಥವರಿಗೆ ಟೆಸ್ಟೊಸ್ಟಿರೋನ್ ಷೋಕಿಯ ಮದ್ದಲ್ಲ. ಈ ಗ್ರಂಥಿಯಿಂದ ಹೊರಟು ವೃಷಣಗಳಿಗೆ ಕೆಲಸ ಹೇಳುವ ಎಲ್‌ಎಚ್ ಹಾರ್ಮೋನು ನಿಂತುಹೋಗಿರುವುದರಿಂದ ಹೊರಗಿನಿಂದ ತುಂಬಿಕೊಳ್ಳಲೇಬೇಕು. (ಮುಂದೆ ಮಕ್ಕಳು ಬೇಕೆನ್ನುವವರು ಮೊದಲೇ ವೈದ್ಯರಿಗೆ ಹೇಳಬೇಕು. ಈ ಔಷಧ ವೀರ್ಯಾಣುಗಳ ಉತ್ಪತ್ತಿಯನ್ನು ತಗ್ಗಿಸುತ್ತದೆ, ಅವರ ಚಿಕಿತ್ಸೆಯೇ ಬೇರೆ.) ಚಿಕಿತ್ಸೆ ಶುರುವಾದ ಮೇಲೆ ಲೈಂಗಿಕ ಆಸಕ್ತಿ, ಗಡ್ಡ, ತೋಳಿನ ಬಲ ಎಲ್ಲವೂ ಮರಳಿದವು. ಬಿಡದೆ ಕಾಡಿದ್ದು ಮಧ್ಯಾಹ್ನದ ಸುಸ್ತು, ಕಾರಣವಿಲ್ಲದ ಸಿಡುಕು ಮತ್ತು ಎದೆತೊಟ್ಟಿನ ಹಿಂದಿನ ನೋವು. ನಾನು ಬಳಸಿ ನೋಡಿದ ಮದ್ದುಗಳನ್ನು ಈ ಮೂರು ತೊಂದರೆಗಳ ಮೇಲೆಯೇ ಅಳೆಯುತ್ತೇನೆ. ರಕ್ತದಲ್ಲಿನ ಟೆಸ್ಟೊಸ್ಟಿರೋನ್ ಅಂಕಿ ಎಲ್ಲದರಲ್ಲೂ ಒಂದಲ್ಲ ಒಂದು ದಿನ ಚೆನ್ನಾಗಿಯೇ ಕಾಣುತ್ತದೆ.

ಮೊದಲು ಸಿಕ್ಕಿದ್ದು ಎಲ್ಲರಿಗೂ ಸಿಗುವ ಟೆಸ್ಟೊಸ್ಟಿರೋನ್ ಎನಾಂಥೇಟ್ ಇಂಜೆಕ್ಷನ್. 250 ಮಿಲಿಗ್ರಾಂನ ಗಾಜಿನ ಆಂಪೂಲ್, ಪೃಷ್ಠದ ಸ್ನಾಯುವಿಗೆ, ಎರಡು ಮೂರು ವಾರಕ್ಕೊಮ್ಮೆ. ಅಗ್ಗ, ಬಹುತೇಕ ಕಡೆ ಸಿಗುತ್ತದೆ. ಆದರೆ ಚುಚ್ಚಿದ ಮೊದಲ ಕೆಲವು ದಿನ ಮಟ್ಟ ಸಹಜಕ್ಕಿಂತ ಮೇಲೇರುತ್ತದೆ, ಮೂರನೆಯ ವಾರ ಬರುವಷ್ಟರಲ್ಲಿ ನೆಲ ಕಚ್ಚುತ್ತದೆ. ನನ್ನ ಸಿಡುಕಿಗೂ ಅದೇ ವೇಳಾಪಟ್ಟಿ: ಆರಂಭದಲ್ಲಿ ಯಾರ ಮೇಲಾದರೂ ಎಗರಾಡುವ ಉಮೇದು, ಕೊನೆಗೆ ಯಾರ ಮುಖವೂ ಬೇಡವೆನ್ನುವ ಜೋಲು. ನನಗಿಂತ ಮೊದಲು ಇದನ್ನು ಕ್ಯಾಲೆಂಡರ್ ನೋಡಿ ಕಂಡುಹಿಡಿದವಳು ಹೆಂಡತಿ. ಎದೆತೊಟ್ಟಿನ ನೋವೂ ಏರಿಕೆಯ ದಿನಗಳದ್ದೇ, ಏಕೆಂದರೆ ಹೆಚ್ಚಾದ ಟೆಸ್ಟೊಸ್ಟಿರೋನಿನ ಒಂದಷ್ಟು ಪಾಲು ದೇಹದಲ್ಲಿ ಎಸ್ಟ್ರಡಯೋಲ್ ಎಂಬ ಹೆಣ್ಣು ಹಾರ್ಮೋನು ಆಗುತ್ತದೆ.

ಇದಕ್ಕೆ ಜಿಮ್‌ನ ಪರಿಚಿತರು ಸೂಚಿಸಿದ್ದು ಈ ಮಾರ್ಪಾಟನ್ನು ತಡೆಯುವ ಅನಾಸ್ಟ್ರಜೋಲ್ ಮಾತ್ರೆ. ನನ್ನ ಹಾರ್ಮೋನು ತಜ್ಞರು (ಎಂಡೋಕ್ರೈನಾಲಜಿಸ್ಟ್) ಒಪ್ಪಲಿಲ್ಲ. ಗಂಡಸಿನ ಮೂಳೆ ಗಟ್ಟಿಯಾಗಿರಲು ಎಸ್ಟ್ರಡಯೋಲ್ ಬೇಕು, ಅದನ್ನು ಅದುಮುವ ಬದಲು ಏರಿಕೆಯನ್ನೇ ತಗ್ಗಿಸೋಣ ಎಂದರು. ಅದೇ ಔಷಧವನ್ನು ವಾರಕ್ಕೊಮ್ಮೆ ಕಡಿಮೆ ಪ್ರಮಾಣದಲ್ಲಿ ಹಾಕಿಸಿಕೊಂಡಾಗ ಸಿಡುಕು ಅರ್ಧಕ್ಕೆ ಇಳಿಯಿತು, ನೋವು ಹೋಯಿತು. ತೊಡಕು ಆಂಪೂಲಿನದು. ಒಮ್ಮೆ ಒಡೆದರೆ ಉಳಿದದ್ದನ್ನು ಇಡುವಂತಿಲ್ಲ, ಚೆಲ್ಲಬೇಕು. ಅಗ್ಗದ ಮದ್ದು ಹೀಗೆ ತುಟ್ಟಿಯಾಯಿತು. ಪ್ರತಿ ವಾರ ನರ್ಸ್ ಹುಡುಕಿಕೊಂಡು ಹೋಗುವುದಂತೂ ಕಚೇರಿಗೆ ಹೋಗುವವನಿಗೆ ಆಗದ ಮಾತು.

ನುಂಗುವ ಟೆಸ್ಟೊಸ್ಟಿರೋನ್ ಆದ 40 ಮಿಲಿಗ್ರಾಂ ಅಂಡೆಕನೋಯೇಟ್ ಕ್ಯಾಪ್ಸೂಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಜಿಡ್ಡಿನೊಂದಿಗೆ ದುಗ್ಧರಸದ ಮೂಲಕ ರಕ್ತ ಸೇರುತ್ತದೆ. ಮುದ್ದೆ, ಸೊಪ್ಪಿನ ಸಾರು ಉಂಡು ನುಂಗಿದ ದಿನ ನುಂಗದಂತೆಯೇ. ಎರಡು ಹೊತ್ತೂ ತುಪ್ಪ ಸುರಿದುಕೊಳ್ಳಲು ನನ್ನ ಕೊಲೆಸ್ಟರಾಲ್ ಒಪ್ಪಲಿಲ್ಲ.

ಜೆಲ್ ಬೇರೆಯದೇ ಅನುಭವ. ಶೇ 1ರ ಜೆಲ್, 5 ಗ್ರಾಂ ಸ್ಯಾಚೆಯಲ್ಲಿ 50 ಮಿಲಿಗ್ರಾಂ, ಬೆಳಿಗ್ಗೆ ಸ್ನಾನವಾದ ಮೇಲೆ ಭುಜಕ್ಕೆ ಮತ್ತು ಮೇಲ್ತೋಳಿಗೆ. ಏರಿಳಿತ ಕಡಿಮೆ, ಸಿಡುಕು ಮಾಯ. ಸಿಡುಕೊಂದನ್ನೇ ನೋಡಿದರೆ ಇದಕ್ಕೆ ಸಾಟಿಯಿಲ್ಲ. ಬೇಸಿಗೆಯಲ್ಲಿ ಅಂಟುತ್ತದೆ, ಒಣಗುವವರೆಗೆ ಅಂಗಿ ಹಾಕುವಂತಿಲ್ಲ, ಐದಾರು ಗಂಟೆ ಮತ್ತೆ ಮೈಗೆ ನೀರು ಸೋಕಿಸುವಂತಿಲ್ಲ. ಇವೆಲ್ಲ ಸಹಿಸಬಹುದಾದವು. ಸಹಿಸಲಾಗದ್ದು ಒಂದೇ: ಚರ್ಮದಿಂದ ಚರ್ಮಕ್ಕೆ ಅದು ದಾಟುತ್ತದೆ. ಜೆಲ್ ಸೋಂಕಿದ ಪುಟ್ಟ ಮಕ್ಕಳಲ್ಲಿ ಅಕಾಲ ಪ್ರೌಢತೆಯ ಲಕ್ಷಣಗಳು ಕಂಡದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಕಡು ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ನನ್ನ ಮಗಳು ಭುಜ ಬಿಟ್ಟು ಇಳಿಯದ ವಯಸ್ಸಿನವಳು. ಬನಿಯನ್ ಹಾಕಿ, ಕೈ ತೊಳೆದು, ಬಟ್ಟೆ ಬೇರೆ ಒಗೆಸಿ ಜಾಗ್ರತೆ ಮಾಡಬಹುದು. ಆದರೆ ದಿನವೂ ಮಗುವನ್ನು ದೂರ ತಳ್ಳುವ ಅಪ್ಪನಾಗಲು ಮನಸ್ಸಾಗಲಿಲ್ಲ.

ಹಾಗಾಗಿ ಅಂಡೆಕನೋಯೇಟ್ ಡಿಪೋ, ಅಂದರೆ ಸ್ನಾಯುವಿನಲ್ಲಿ ಉಳಿದು ನಿಧಾನವಾಗಿ ಬಿಡುಗಡೆಯಾಗುವ ಇಂಜೆಕ್ಷನ್: ಹರಳೆಣ್ಣೆಯಲ್ಲಿ ಕರಗಿಸಿದ 1000 ಮಿಲಿಗ್ರಾಂ, 4 ಮಿಲಿಲೀಟರ್. ಮೊದಲ ಎರಡರ ನಡುವೆ ಆರು ವಾರ, ಆಮೇಲೆ 10ರಿಂದ 14 ವಾರಕ್ಕೊಮ್ಮೆ. ಅಷ್ಟು ಎಣ್ಣೆಯನ್ನು ನಿಧಾನವಾಗಿ ಒಳಗೆ ಬಿಡಬೇಕು. ನೋವು ಎರಡು ದಿನ ಕೂರಲು ಬಿಡುವುದಿಲ್ಲ. ಎಣ್ಣೆಯ ಕಣ ಶ್ವಾಸಕೋಶ ಸೇರಿ ಕೆಮ್ಮು, ಉಸಿರಾಟದ ತೊಂದರೆ ಬರುವುದು ಅಪರೂಪವಾದರೂ ಉಂಟು, ಆದ್ದರಿಂದ ಅರ್ಧ ಗಂಟೆ ಅಲ್ಲೇ ಕುಳಿತಿರಬೇಕು. ಸಿಡುಕಿನ ವಿಷಯದಲ್ಲಿ ಜೆಲ್‌ಗಿಂತ ಕೂದಲೆಳೆಯಷ್ಟು ಹಿಂದೆ. ಅವಧಿಯ ಕೊನೆಗೆ ಜೋಲು ಬರುತ್ತಿತ್ತು, ವೈದ್ಯರು ಅಂತರವನ್ನು ತುಸು ಕಡಿಮೆ ಮಾಡಿದ ಮೇಲೆ ಅದೂ ನಿಂತಿತು.

ಆದರೆ ಮಧ್ಯಾಹ್ನದ ಸುಸ್ತು? ಇಂಜೆಕ್ಷನ್, ಜೆಲ್, ಡಿಪೋ ಯಾವುದಕ್ಕೂ ಅದು ಜಗ್ಗಲಿಲ್ಲ. ಟೆಸ್ಟೊಸ್ಟಿರೋನ್ ಸಾಲದೇನೋ ಎಂದು ಪ್ರಮಾಣ ಏರಿಸಲು ನಾನು ತಯಾರಿದ್ದೆ, ತಡೆದದ್ದು ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು. ಎನಾಂಥೇಟ್ ಕಾಲದಲ್ಲಿ ಅದು 52 ದಾಟಿತ್ತು, 54 ಮೀರಿದರೆ ಚಿಕಿತ್ಸೆಯನ್ನೇ ನಿಲ್ಲಿಸಬೇಕು. ಚುಚ್ಚುಮದ್ದಿನಲ್ಲಿ ಇದು ಜೆಲ್‌ಗಿಂತ ಹೆಚ್ಚು ಏರುತ್ತದೆ, ಸರಿ. ಆದರೆ ಡಿಪೋದಲ್ಲೂ ಸಾಕಷ್ಟು ಇಳಿಯದಿದ್ದಾಗ ವೈದ್ಯರು ಕೇಳಿದ್ದು ಗೊರಕೆಯ ಬಗ್ಗೆ. ನಿದ್ರೆಯ ಪರೀಕ್ಷೆಯಲ್ಲಿ ಸ್ಲೀಪ್ ಆಪ್ನಿಯಾ ಸಿಕ್ಕಿತು. ರಾತ್ರಿ ಮತ್ತೆ ಮತ್ತೆ ಉಸಿರು ಕಟ್ಟಿ ಆಮ್ಲಜನಕ ಇಳಿದರೆ ದೇಹ ಕೆಂಪು ರಕ್ತಕಣ ಹೆಚ್ಚಿಸಬಹುದು. ಹಗಲಿನ ತೂಕಡಿಕೆಗೆ ಬೇರೆ ಕಾರಣವೇ ಬೇಡ. ಟೆಸ್ಟೊಸ್ಟಿರೋನ್ ಈ ತೊಂದರೆಯನ್ನು ಇನ್ನಷ್ಟು ಕೆದಕಬಹುದು ಎಂಬುದು ಬೇರೆ.

ಮುಖವಾಡದ ಮೂಲಕ ಗಾಳಿ ಒತ್ತಿ ಉಸಿರುದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರ ಬಂದಿತು. ಮುಖವಾಡಕ್ಕೆ ಒಗ್ಗುವವರೆಗೆ ಹಿಂಸೆ, ಕರೆಂಟು ಹೋದ ರಾತ್ರಿ ಇನ್ನೂ ಹಿಂಸೆ. ಆದರೂ ಊಟದ ಮೇಲೆ ಕಡತದ ಮುಂದೆ ತಲೆ ವಾಲುವುದು ನಿಂತದ್ದು ಇದರಿಂದ. ಜೊತೆಗೆ ಥೈರಾಯ್ಡ್ ಮಾತ್ರೆಯೂ ಸ್ವಲ್ಪ ಹೆಚ್ಚಾಯಿತು. ಥೈರಾಯ್ಡಿಗೆ ಕೆಲಸ ಹೇಳುವ ಟಿಎಸ್‌ಎಚ್ ಕೂಡ ಪಿಟ್ಯುಟರಿಯದೇ. ಅದು ಕೆಟ್ಟವರಲ್ಲಿ ಟಿಎಸ್‌ಎಚ್ ನೋಡಿ ಪ್ರಮಾಣ ನಿರ್ಧರಿಸಲಾಗದು, ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನನ್ನೇ, ಅಂದರೆ ಫ್ರೀ ಟಿ4 ನೋಡಬೇಕು. ಇದನ್ನು ಪ್ರತಿ ಹೊಸ ವೈದ್ಯರಿಗೂ ನಾನೇ ನೆನಪಿಸುತ್ತೇನೆ.

ಈಗ ಡಿಪೋ ಮತ್ತು ಸಿಪ್ಯಾಪ್. ಮನೆಯಲ್ಲಿ ಪುಟ್ಟ ಮಕ್ಕಳಿಲ್ಲದವರು ಕೇಳಿದರೆ ಜೆಲ್ ಎನ್ನುತ್ತೇನೆ. ಖರ್ಚು ನೋಡುವವರಿಗೆ ಎನಾಂಥೇಟ್ ಕೆಟ್ಟದ್ದೇನಲ್ಲ, ಆದರೆ ಟೆಸ್ಟೊಸ್ಟಿರೋನ್ ಪರೀಕ್ಷೆಗೆ ರಕ್ತ ಕೊಡುವ ದಿನವನ್ನು ವೈದ್ಯರಿಂದ ಬರೆಸಿಕೊಳ್ಳಬೇಕು: ಎನಾಂಥೇಟ್‌ಗೆ ಎರಡು ಇಂಜೆಕ್ಷನ್‌ಗಳ ನಡುಮಧ್ಯೆ, ಡಿಪೋಗೆ ಮುಂದಿನದರ ಮುನ್ನ, ಜೆಲ್‌ಗೆ ಹಚ್ಚಿದ ಎರಡರಿಂದ ಎಂಟು ಗಂಟೆಯೊಳಗೆ.