ಬಲ್ಬ್ ಸ್ಮಾರ್ಟ್ ಆಗಬೇಕಾ, ಸ್ವಿಚ್ ಸ್ಮಾರ್ಟ್ ಆಗಬೇಕಾ? ಕಟಪಾಡಿ ಮನೆಯಲ್ಲಿ ನೋಡಿದ್ದು

ಅಮ್ಮನ ಮಂಡಿ ನೋವಿನಿಂದ ಇದೆಲ್ಲ ಶುರುವಾಯಿತು.

ಕಟಪಾಡಿಯ ನಮ್ಮ ಮನೆ ಹಳೆಯದು. ಕೆಂಪುಕಲ್ಲಿನ ದಪ್ಪ ಗೋಡೆ, ಹಂಚಿನ ಮಾಡು. ಜಗಲಿಯ ಲೈಟಿನ ಸ್ವಿಚ್ ಜಗಲಿಯಲ್ಲಿಲ್ಲ. ಚಾವಡಿ ದಾಟಿ ಒಳಗೆ ಹೋಗಿ ಕಬ್ಬಿಣದ ಕಪಾಟಿನ ಸಂದಿಯಲ್ಲಿ ಕೈ ತೂರಿಸಬೇಕು. ಅಪ್ಪ ವೈರಿಂಗ್ ಮಾಡಿಸುವಾಗ ಅಲ್ಲಿ ಕಪಾಟು ಇರಲಿಲ್ಲ, ಅಷ್ಟೇ. ಸಂಜೆ ಹಾಕಲು ಒಮ್ಮೆ, ಮಲಗುವ ಮುಂಚೆ ಆರಿಸಲು ಒಮ್ಮೆ ಅಮ್ಮ ಗೋಡೆ ಹಿಡಿದುಕೊಂಡು ಹೋಗಬೇಕು.

ನಾನಿರುವುದು ಮಂಗಳೂರಿನ ಬಿಜೈಯಲ್ಲಿ, ಬಾಡಿಗೆ ಫ್ಲ್ಯಾಟಿನಲ್ಲಿ. ಅಲ್ಲಿ ಬಾಯಲ್ಲಿ ಹೇಳಿದರೆ ಹೊತ್ತಿಕೊಳ್ಳುವ ಎರಡು ಬಲ್ಬ್ ಮೊದಲೇ ಇತ್ತು. ಅದನ್ನೇ ಊರಿನ ಮನೆಗೂ ಹಾಕಿದರಾಯಿತು ಅಂದುಕೊಂಡು ಮೇ ತಿಂಗಳಲ್ಲಿ ನಾಲ್ಕು ಬಲ್ಬ್ ತಂದೆ. ಮಳೆಗಾಲ ಮುಗಿಯುವ ಮೊದಲೇ ಅದರಲ್ಲಿ ಮೂರನ್ನು ಬಿಚ್ಚಿ, ಸ್ವಿಚ್ಚಿನ ಹಿಂದೆ ಕೂರುವ ಮಾಡ್ಯೂಲ್ ಹಾಕಿಸಿದೆ. ಹಾಗಾಗಿ ಎರಡರ ಗುಣವೂ ದೋಷವೂ ಒಂದೇ ಮನೆಯಲ್ಲಿ ನೋಡಿದ ಹಾಗಾಯಿತು.

ಬಲ್ಬಿನ ದೊಡ್ಡ ಲಾಭ ಅಂದರೆ ಯಾರನ್ನೂ ಕರೆಯಬೇಕಾಗಿಲ್ಲ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿರುವುದು ಎರಡು ಪಿನ್ನಿನ ಬಿ22 ಹೋಲ್ಡರ್. ಅದಕ್ಕೇ ಕೂರುವ ಬಲ್ಬ್ ಸಿಗುತ್ತದೆ. ಹಳೆಯದು ತೆಗಿ, ಹೊಸದು ತಿರುಗಿಸು, ಆ್ಯಪ್ ತೆರೆ. ನನಗೆ ಒಂದಕ್ಕೆ 600 ರೂಪಾಯಿಯ ಆಸುಪಾಸು ಬಿತ್ತು. ಹಳದಿ, ಬಿಳಿ, ಬೇಕಾದ ಬಣ್ಣ, ಬೇಕಾದಷ್ಟು ಮಂದ ಎಲ್ಲ ಸಿಗುತ್ತದೆ. ಬಣ್ಣದ ಆಟ ಎರಡು ದಿನ ನಡೆಯಿತು. ಮೂರನೇ ದಿನ ಅಮ್ಮ, "ಊಟ ಮಾಡುವಾಗ ನೇರಳೆ ಲೈಟ್ ಬೇಡ ಮಾರಾಯ, ಸಾರು ಸಾರಿನ ಹಾಗೆ ಕಾಣುವುದಿಲ್ಲ" ಅಂದಳು. ಅಲ್ಲಿಗೆ ಮುಗಿಯಿತು.

ಜೋಡಿಸುವಾಗ ಒಂದು ಕಡೆ ಸಿಕ್ಕಿಬಿದ್ದೆ. ಇಂಥ ವೈಫೈ ಬಲ್ಬ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ನನ್ನ ಫೋನ್ ರೌಟರಿನ ಇನ್ನೊಂದು ಬ್ಯಾಂಡ್ ಆದ 5 ಗಿಗಾಹರ್ಟ್ಸ್‌ನಲ್ಲಿ ಕೂತಿತ್ತು. ಎರಡಕ್ಕೂ ರೌಟರಿನಲ್ಲಿ ಒಂದೇ ಹೆಸರು ಇಟ್ಟಿದ್ದರಿಂದ ತಕ್ಷಣ ಗೊತ್ತಾಗಲಿಲ್ಲ. ಸ್ಟೂಲಿನ ಮೇಲೆ ನಿಂತು ಅರ್ಧ ಗಂಟೆ ಬೆವರಿಳಿಸಿದೆ. ಕೊನೆಗೆ ರೌಟರಿನಲ್ಲಿ 5 ಗಿಗಾಹರ್ಟ್ಸ್ ಆಫ್ ಮಾಡಿದ ಮೇಲೆ ನಾಲ್ಕೂ ಬಲ್ಬ್ ಹತ್ತು ನಿಮಿಷದಲ್ಲಿ ಸೇರಿದವು. ಆಮೇಲೆ ಪುನಃ ಆನ್ ಮಾಡಿಕೊಂಡರೆ ಏನೂ ತೊಂದರೆ ಇಲ್ಲ.

ಅಸಲಿ ತೊಂದರೆ ಬಲ್ಬಿನದ್ದಲ್ಲ, ಕೈಯದ್ದು. ಸ್ಮಾರ್ಟ್ ಬಲ್ಬಿಗೆ ಗೋಡೆಯ ಸ್ವಿಚ್ ಯಾವಾಗಲೂ ಆನ್ ಇರಬೇಕು. ಅದಕ್ಕೆ ಕರೆಂಟ್ ಇದ್ದರೆ ತಾನೇ ಹೇಳಿದ್ದು ಕೇಳುವುದು? ಆದರೆ ಅಮ್ಮ 40 ವರ್ಷದಿಂದ ಕೋಣೆಯಿಂದ ಹೊರಗೆ ಬರುವಾಗ ಸ್ವಿಚ್ ಆರಿಸಿಯೇ ಬರುವವಳು. ಅದು ಯೋಚನೆ ಮಾಡಿ ಮಾಡುವ ಕೆಲಸವೇ ಅಲ್ಲ. ಸಂಜೆ ಕುರ್ಚಿಯಲ್ಲಿ ಕೂತು ಲೈಟ್ ಆನ್ ಅಂದರೆ, ಆ ಬಲ್ಬ್ ಸಿಗುತ್ತಿಲ್ಲ ಅನ್ನುವ ಉತ್ತರ. ಮತ್ತೆ ಎದ್ದು ಹೋಗಿ ಸ್ವಿಚ್ ಹಾಕಬೇಕು. ಮೊದಲಿಗಿಂತ ಒಂದು ಕೆಲಸ ಜಾಸ್ತಿಯೇ ಆಯಿತು. ನಾನು ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದೆ. ಮನೆಗೆ ಬಂದ ಸೋದರಮಾವ ಅದನ್ನು ನೋಡಿ, "ಇದಕ್ಕೆ ಬ್ಯಾಂಡೇಜ್ ಎಂಥದಕ್ಕೆ?" ಅಂತ ಕಿತ್ತು ಹಾಕಿದರು.

ಆಮೇಲೆ ಜೂನ್ ಬಂತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು, ಬರುವುದು ಹೊಸತೇನಲ್ಲ, ಒಂದು ತೆಂಗಿನ ಮಡಲು ಬಿದ್ದರೂ ಸಾಕು. ಒಂದು ರಾತ್ರಿ ಕರೆಂಟ್ ಹೋಗಿ ಬಂತು. ಬಂದ ಕೂಡಲೇ ನಾಲ್ಕೂ ಬಲ್ಬ್ ಒಟ್ಟಿಗೆ ಹೊತ್ತಿಕೊಂಡವು, ಪೂರ್ತಿ ಬಿಳಿ, ಪೂರ್ತಿ ಬೆಳಕು. ಅಮ್ಮ ಬೆಳಗಾಯಿತು ಅಂತ ಎದ್ದು, ಮುಖ ತೊಳೆದು, ಚಾಕ್ಕೆ ನೀರಿಟ್ಟಿದ್ದಳು. ಗಡಿಯಾರ ನೋಡಿದರೆ ಎರಡೂವರೆ. ಸಾಮಾನ್ಯವಾಗಿ ಇಂಥ ಬಲ್ಬ್ ಕರೆಂಟ್ ಬಂದ ತಕ್ಷಣ ಹೊತ್ತಿಕೊಳ್ಳುವ ಹಾಗೆಯೇ ಇಟ್ಟಿರುತ್ತಾರೆ. ಗೋಡೆಯ ಸ್ವಿಚ್ ಆರಿಸಿ ಹಾಕಿದರೆ ಮಾಮೂಲಿ ಬಲ್ಬಿನ ಹಾಗೆ ಉರಿಯಲಿ ಅಂತ. ಕೆಲವು ಆ್ಯಪ್‌ಗಳಲ್ಲಿ 'ಮೊದಲು ಹೇಗಿತ್ತೋ ಹಾಗೇ ಇರಲಿ' ಎಂಬ ಆಯ್ಕೆ ಇರುತ್ತದೆ. ನಾನು ತಂದದ್ದರಲ್ಲಿ ಇರಲಿಲ್ಲ. ಕರಾವಳಿಯವರು ಬಲ್ಬ್ ಕೊಳ್ಳುವ ಮೊದಲು ಬಣ್ಣ ಎಷ್ಟಿದೆ ಅಂತ ನೋಡುವುದು ಬಿಟ್ಟು ಇದೊಂದನ್ನು ಕೇಳಿ.

ಹೀಗೆ ಮಾಡ್ಯೂಲಿಗೆ ಬಂದೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಡಬ್ಬಿ, ಒಳಗೆ ರಿಲೇ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್. ಸ್ವಿಚ್ ಬೋರ್ಡಿನೊಳಗೆ ಕೂರುತ್ತದೆ. ಕರೆಂಟ್ ತರುವ ಫೇಸ್ ವೈರ್, ತಿರುಗಿ ಒಯ್ಯುವ ನ್ಯೂಟ್ರಲ್ ವೈರ್ ಎರಡೂ ನೇರ ಅದಕ್ಕೇ ಹೋಗುತ್ತವೆ. ಗೋಡೆಯ ಸ್ವಿಚ್ ಇನ್ನು ಲೈಟಿನ ಕರೆಂಟನ್ನು ಕಡಿಯುವುದಿಲ್ಲ, ಮಾಡ್ಯೂಲಿಗೆ ಸುದ್ದಿ ಮುಟ್ಟಿಸುತ್ತದೆ, ಅಷ್ಟೇ. ಹಾಗಾಗಿ ಸ್ವಿಚ್ ಒತ್ತಿದರೂ ಲೈಟ್, ಬಾಯಲ್ಲಿ ಹೇಳಿದರೂ ಲೈಟ್. ಬಲ್ಬ್ ಮಾಮೂಲಿಯದ್ದೇ, ಟ್ಯೂಬ್ ಲೈಟ್ ಆದರೂ ಆದೀತು.

ಇದನ್ನು ನೀವೇ ಹಾಕಲು ಹೋಗಬೇಡಿ. ನಾನೂ ಹೋಗಲಿಲ್ಲ. ನಮ್ಮೂರಿನ ಎಲೆಕ್ಟ್ರಿಷಿಯನ್ ಬಂದವರು ಮೊದಲು ಕೇಳಿದ್ದೇ, "ಬೋರ್ಡಲ್ಲಿ ಪ್ಲಗ್ ಪಾಯಿಂಟ್ ಉಂಟಾ ಸರ್? ಇದ್ರೆ ನ್ಯೂಟ್ರಲ್ ಬಂದಿರ್ತದೆ. ಬರೀ ಸ್ವಿಚ್ ಇದ್ರೆ ಫೇಸ್ ಒಂದೇ." ಎಷ್ಟು ಸರಳವಾದ ಪರೀಕ್ಷೆ ನೋಡಿ. ಹೆಚ್ಚಿನ ಮಾಡ್ಯೂಲಿಗೆ ನ್ಯೂಟ್ರಲ್ ಬೇಕೇ ಬೇಕು, ಹಳೆಯ ಮನೆಗಳಲ್ಲಿ ಅದೇ ಸಿಗುವುದಿಲ್ಲ.

ಲೈನಿನ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಎರಡು ಸ್ಕ್ರೂ ಬಿಚ್ಚಿ, ಬೋರ್ಡಿನ ಮುಚ್ಚಳ ಎಳೆದರು. ಒಳಗಿನಿಂದ ಇರುವೆಗಳು ಬಿಳಿ ಮೊಟ್ಟೆ ಕಚ್ಚಿಕೊಂಡು ಸಾಲಾಗಿ ಹೊರಟವು. ಮೂಲೆಯಲ್ಲಿ ಒಣಗಿದ ಒಂದು ಹಲ್ಲಿ. ಫೇಸ್ ವೈರಿನ ತುದಿ ಹಸಿರಾಗಿ ಕಿಲುಬು ಹಿಡಿದಿತ್ತು. ಮಟ್ಟು ಕಡಲು ನಮ್ಮ ಮನೆಯಿಂದ ದೂರವೇನಿಲ್ಲ, ಉಪ್ಪುಗಾಳಿ ಬೋರ್ಡಿನೊಳಗೂ ಬರುತ್ತದೆ. ಅವರು ಬ್ರಷ್ಷಿನಿಂದ ಇರುವೆ ಗುಡಿಸಿ, ವೈರಿನ ತುದಿ ಕತ್ತರಿಸಿ, ಹೊಸದಾಗಿ ಸುಲಿದು ತಾಮ್ರ ಹೊಳೆಯುವ ಹಾಗೆ ಮಾಡಿ ಕೂರಿಸಿದರು. ಮೂರು ಬೋರ್ಡಿನಲ್ಲಿ ಎರಡಕ್ಕೆ ಜಾಗ ಸಾಕಾಯಿತು. ಮೂರನೆಯದರ ಮರದ ಪೆಟ್ಟಿಗೆ ಆಳ ಇರಲಿಲ್ಲ, ಪಿವಿಸಿ ಬಾಕ್ಸ್ ಹಾಕಬೇಕಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಶುರು ಮಾಡಿದ್ದು ಮುಗಿಯುವಾಗ ಸಂಜೆ. ಖರ್ಚು ಬಲ್ಬಿಗಿಂತ ದುಪ್ಪಟ್ಟು ಬಂತು, ಮಜೂರಿ ಸೇರಿ.

ಒಂದು ಮಾತು ಅಮ್ಮನಿಗೆ ಈಗಲೂ ಒಗ್ಗಿಲ್ಲ. "ಸ್ವಿಚ್ ಕೆಳಗೆ ಉಂಟು, ಲೈಟ್ ಆರಿದೆ. ಇದು ಸರಿಯಾ?" ಅಂತ ಕೇಳುತ್ತಾಳೆ. ಮಹಡಿ ಮೆಟ್ಟಿಲಿನ ಟು-ವೇ ಸ್ವಿಚ್ಚಿನ ಹಾಗೆ ಅಂತ ಹೇಳಿದೆ. "ನಮ್ಮದಕ್ಕೆ ಮಹಡಿಯೇ ಇಲ್ಲವಲ್ಲ" ಅಂದಳು.

ಕರೆಂಟ್ ಹೋಗಿ ಬಂದಾಗ ಆಫ್ ಆಗಿಯೇ ಇರುವಂತೆ ಮಾಡ್ಯೂಲಿನಲ್ಲಿ ಇಟ್ಟಿದ್ದೇನೆ. ನಡುರಾತ್ರಿಯ ಚಾ ನಿಂತಿತು.

ಹಾಗಂತ ಮಾಡ್ಯೂಲೇ ಗೆದ್ದಿತು ಅಂತ ಪೂರ್ತಿ ಹೇಳಲಾರೆ, ಸಿಡಿಲಿನ ಕಾರಣಕ್ಕೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ನಮ್ಮಲ್ಲಿ ಗುಡುಗು ಸಿಡಿಲಿನ ಅಬ್ಬರ ಇರುತ್ತದೆ. ಸಂಜೆ ಮೋಡ ಕಟ್ಟಿದರೆ ಟಿವಿ ಪ್ಲಗ್, ಮೋಡೆಮ್ ವೈರ್ ಎಲ್ಲ ಕಿತ್ತಿಡುವುದು ಪ್ರತಿ ಮನೆಯ ರೂಢಿ. ಗೋಡೆಯೊಳಗೆ ಕೂತ ಮಾಡ್ಯೂಲನ್ನು ಕೀಳುವುದು ಹೇಗೆ? ಸ್ವಿಚ್ ಆರಿಸಿದರೂ ಅದು ಲೈನಿನಲ್ಲೇ ಇರುತ್ತದೆ. ಕಳೆದ ಅಕ್ಟೋಬರಿನಲ್ಲಿ ಒಂದು ಮಾಡ್ಯೂಲ್ ಹಾಗೇ ಸುಟ್ಟುಹೋಯಿತು. ಮಲಗುವ ಕೋಣೆಯ ಸ್ಮಾರ್ಟ್ ಬಲ್ಬ್ ಸ್ವಿಚ್ ಆರಿಸಿಟ್ಟಿದ್ದರಿಂದ ಉಳಿಯಿತು. ಈಗ ಮೈನಿನಲ್ಲಿ, ಒಮ್ಮೆಲೇ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ತಿಂಗ್ ಸರಿ ಮಾಡಿಸಿದ್ದೇನೆ. ಗುಡುಗು ತೀರಾ ಹತ್ತಿರ ಬಂದರೆ ಅಮ್ಮ ಲೈಟಿನ ಎಂಸಿಬಿಯನ್ನೇ ಇಳಿಸುತ್ತಾಳೆ. ಬಲ್ಬ್ ಕೆಟ್ಟರೆ ಅಂಗಡಿಗೆ ಹೋದರಾಯಿತು, ಮಾಡ್ಯೂಲ್ ಕೆಟ್ಟರೆ ಎಲೆಕ್ಟ್ರಿಷಿಯನ್ ಬರುವವರೆಗೆ ಕಾಯಬೇಕು. ಇದು ಸಣ್ಣ ವಿಷಯ ಅಲ್ಲ.

ಗಾಜಿನ ಟಚ್ ಪ್ಯಾನೆಲ್ ನಾನು ಹಾಕಿಸಲಿಲ್ಲ. ಮಣಿಪಾಲದ ಗೆಳೆಯನ ಮನೆಯಲ್ಲಿ ಅದರ ಮೇಲೆ ಹಲ್ಲಿ ಓಡಾಡಿ ಲೈಟ್ ಹಾಕುತ್ತದಂತೆ. ಸಾಕು. ಬಾವಿಯ ಪಂಪ್, ಗೀಸರ್ ಕೂಡ ಮುಟ್ಟಲಿಲ್ಲ. ಲೈಟಿಗೆ ಹಾಕುವ ಮಾಡ್ಯೂಲಿನ ರಿಲೇ ಸಾಮಾನ್ಯವಾಗಿ 10 ಆಂಪಿಯರಿನದ್ದು. 3000 ವಾಟಿನ ಗೀಸರ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ಪಂಪ್ ಶುರುವಾಗುವಾಗ ಎಳೆಯುವುದು ಓಡುವಾಗಿನ ಹಲವು ಪಟ್ಟು.

ಇನ್ನು ಮಾತು ಕೇಳುವ ಡಬ್ಬಿ, ಅಂದರೆ ಸ್ಮಾರ್ಟ್ ಸ್ಪೀಕರ್. ಅಲೆಕ್ಸಾ ಅಂತ ಕರೆದರೆ ಓಗೊಡುವ, ಗಡಿಯಾರ ಇರುವ ಅಮೆಜಾನಿನ ಎಕೋ ಡಾಟ್ ಒಂದು, ಗೂಗಲಿನ ನೆಸ್ಟ್ ಮಿನಿ ಒಂದು ನನ್ನಲ್ಲಿದ್ದವು. ಒಂದು ತಿಂಗಳು ಇದು ಇಲ್ಲಿ ಅದು ಅಲ್ಲಿ, ಮುಂದಿನ ತಿಂಗಳು ಅದಲು ಬದಲು. ಲೈಟ್ ಹಾಕಿ ಆರಿಸುವ ಕೆಲಸದಲ್ಲಿ ಎರಡೂ ಒಂದೇ. ಎರಡರ ಸೆಟ್ಟಿಂಗಿನಲ್ಲೂ ಇಂಗ್ಲಿಷ್, ಹಿಂದಿ ಇತ್ತು, ಕನ್ನಡ ಇರಲಿಲ್ಲ. ಅಲೆಕ್ಸಾಗೆ 2019ರಿಂದ ಹಿಂದಿ ಬರುತ್ತದೆ, ಅಮ್ಮನಿಗೆ ಬರುವುದಿಲ್ಲ.

ಹೆಸರಿಡುವುದರಲ್ಲಿ ನಾನು ಮೊದಲು ಜಾಣತನ ತೋರಿಸಿದೆ. ಜಗಲಿ, ಚಾವಡಿ, ಅಡಿಗೆಮನೆ ಅಂತಲೇ ಇಟ್ಟೆ. ಇಂಗ್ಲಿಷಿಗೆ ಕಿವಿ ಕೊಟ್ಟು ಕೂತ ಡಬ್ಬಿಗೆ ಚಾವಡಿ ಅಂದರೆ ಏನು ಅರ್ಥವಾದೀತು? ತಪ್ಪು ನನ್ನದೇ. ಒಂದು ದಿನ ಸುಮ್ನೆ ಕೂತು ಅಮ್ಮ ದಿನಾ ಹೇಗೆ ಮಾತಾಡುತ್ತಾಳೆ ಅಂತ ಕೇಳಿದೆ. "ಕಿಚನ್ ಲೈಟ್ ಆಫ್ ಮಾಡು", "ಹೊರಗಿನ ಲೈಟ್ ಆನ್ ಮಾಡು". ಲೈಟ್, ಆನ್, ಆಫ್ ಎಲ್ಲ ಅವಳ ಬಾಯಲ್ಲಿ ಮೊದಲೇ ಇತ್ತಲ್ವಾ! ಕಿಚನ್ ಲೈಟ್, ಹಾಲ್ ಲೈಟ್, ಜಗಲಿಯದ್ದಕ್ಕೆ ಗೇಟ್ ಲೈಟ್ ಅಂತ ಬದಲಿಸಿದೆ. ಕೊನೆಯ 'ಮಾಡು' ಬಿಟ್ಟರೆ ಸಾಕು. ಆ ದಿನದಿಂದ ಜಗಳ ಇಲ್ಲ. ಸ್ಪೀಕರನ್ನೂ ಲೈಟನ್ನೂ ಆ್ಯಪಿನಲ್ಲಿ ಒಂದೇ ಕೋಣೆಗೆ ಸೇರಿಸಿದರೆ ಬರೀ ಲೈಟ್ ಆಫ್ ಅಂದರೂ ಆ ಕೋಣೆಯದ್ದು ಮಾತ್ರ ಆರುತ್ತದೆ. ಇದು ಎರಡರಲ್ಲೂ ಇದೆ.

ವ್ಯತ್ಯಾಸ ಇರುವುದು ಕರೆಯುವುದರಲ್ಲಿ. ಎಕೋ ಡಾಟಿಗೆ ಅಲೆಕ್ಸಾ ಎಂಬ ಒಂದೇ ಶಬ್ದ ಸಾಕು, ನೆಸ್ಟ್ ಮಿನಿಗೆ ಓಕೆ ಗೂಗಲ್ ಅಥವಾ ಹೇ ಗೂಗಲ್ ಅನ್ನಬೇಕು. ಅಮ್ಮನಿಗೆ ಒಂದೇ ಶಬ್ದ ಸುಲಭ. ಆದರೆ ನಮ್ಮ ಪಕ್ಕದ ಮನೆಯ ಅಣ್ಣನ ಹೆಸರಿಗೂ ಅಲೆಕ್ಸಾಗೂ ಇರುವುದು ಒಂದು ದೀರ್ಘದ ವ್ಯತ್ಯಾಸ. ಅಮ್ಮ ಕಂಪೌಂಡಿನ ಈಚೆಯಿಂದ ಅವರನ್ನು ಕರೆದರೆ ಒಳಗೆ ಡಬ್ಬಿಯೂ ಎದ್ದು ಕೂರುತ್ತಿತ್ತು. ಕರೆಯುವ ಹೆಸರನ್ನು 'ಎಕೋ' ಅಂತ ಬದಲಿಸಬಹುದು, ಬದಲಿಸಿದೆ. ನಮ್ಮ ಕಡೆ 'ಏಕೋ' ಅನ್ನುವುದಿಲ್ಲ, 'ಯಾಕೋ' ಅನ್ನುತ್ತೇವೆ, ಹಾಗಾಗಿ ಬಚಾವ್. ಕತ್ತಲಲ್ಲಿ ಗಂಟೆ ಕಾಣುವುದೂ ಅಮ್ಮನಿಗೆ ಇಷ್ಟವಾಯಿತು. ನೆಸ್ಟ್ ಮಿನಿಗೆ ಹಿಂದೆ ಮೊಳೆಗೆ ಸಿಕ್ಕಿಸುವ ತೂತು ಇದೆ, ಮೈಕ್ ಆಫ್ ಮಾಡಲು ಬದಿಯಲ್ಲಿ ಜಾರುವ ಗುಂಡಿ ಇದೆ. ಫ್ಲ್ಯಾಟಿನ ಗೋಡೆಗೆ ಅದೇ ಚಂದ.

ಎರಡೂ ಇಂಟರ್ನೆಟ್ ಇಲ್ಲದಿದ್ದರೆ ಗಪ್‌ಚಿಪ್. ನಾವು ಹೇಳಿದ್ದು ದೂರದ ಸರ್ವರಿಗೆ ಹೋಗಿ ತಿರುಗಿ ಬರಬೇಕು. ರೌಟರನ್ನು ಇನ್ವರ್ಟರ್ ಲೈನಿಗೆ ಹಾಕಿಸಿದ ಮೇಲೆ ಅರ್ಧ ತಲೆನೋವು ಕಡಿಮೆಯಾಯಿತು. ಇನ್ನರ್ಧ ಕೆಂಪುಕಲ್ಲಿನದ್ದು. ಚಾವಡಿಯ ವೈಫೈ ಎರಡು ಗೋಡೆ ದಾಟಿ ಅಡಿಗೆಮನೆಗೆ ಮುಟ್ಟುತ್ತಲೇ ಇರಲಿಲ್ಲ. ನಡುವೆ ವೈಫೈ ಹಂಚುವ ಇನ್ನೊಂದು ಆ್ಯಕ್ಸೆಸ್ ಪಾಯಿಂಟ್ ಇಟ್ಟೆ. ಹೊಸದಾಗಿ ಕೊಳ್ಳುವವರು ಡಬ್ಬಿಯ ಮೇಲೆ ಮ್ಯಾಟರ್ ಗುರುತು ಇದೆಯಾ ನೋಡಿ. 2022ರಲ್ಲಿ ಬಂದ ಮಾನದಂಡ ಅದು, ಅಮೆಜಾನ್, ಗೂಗಲ್, ಆಪಲ್ ಮೂರಕ್ಕೂ ಆಗುತ್ತದೆ. ನಾಳೆ ಸ್ಪೀಕರ್ ಬದಲಿಸಿದರೆ ಸ್ವಿಚ್ ಬದಲಿಸಬೇಕಾಗಿಲ್ಲ.

ಗೇಟ್ ಲೈಟಿಗೆ ಬಾಯಿಯೂ ಬೇಡ. ಸೂರ್ಯ ಮುಳುಗುವಾಗ ಹೊತ್ತಿಕೊಳ್ಳಲಿ ಅಂತ ಇಟ್ಟಿದ್ದೇನೆ. ನಮ್ಮಲ್ಲಿ ನವೆಂಬರಿನಲ್ಲಿ ಸೂರ್ಯ 6 ಗಂಟೆಯ ಆಸುಪಾಸಿಗೇ ಮುಳುಗುತ್ತಾನೆ, ಜುಲೈ ಮೊದಲಲ್ಲಿ 7 ದಾಟುತ್ತದೆ. ಗಂಟೆ ಕಟ್ಟಿಟ್ಟರೆ ತಿಂಗಳು ತಿಂಗಳು ತಿದ್ದುತ್ತಾ ಕೂರಬೇಕು.

ಈಗ ಕಟಪಾಡಿಯಲ್ಲಿ ಕಿಚನ್, ಹಾಲ್, ಗೇಟ್ ಮೂರಕ್ಕೂ ಮಾಡ್ಯೂಲ್. ಮಲಗುವ ಕೋಣೆಯಲ್ಲಿ ಮಾತ್ರ ಸ್ಮಾರ್ಟ್ ಬಲ್ಬ್, ರಾತ್ರಿ ಏಳುವಾಗ ಮಂದ ಹಳದಿ ಬೆಳಕು ಬೇಕು ಅಂತ. ಅದರ ಸ್ವಿಚ್ಚನ್ನು ಮಲಗುವಾಗ ಹಾಕುವುದು, ಬೆಳಿಗ್ಗೆ ಆರಿಸುವುದು ಅಮ್ಮ ಒಪ್ಪಿಕೊಂಡ ಕ್ರಮ. ಕಳೆದ ಭಾನುವಾರ ಅವಳು ಬಂಗುಡೆ ಹಸನು ಮಾಡುತ್ತಿದ್ದಳು. ಎರಡೂ ಕೈ ರಕ್ತ, ಪೊರೆ. ಮೋಡ ಕವಿದು ಕತ್ತಲಾಯಿತು. ತಲೆ ಎತ್ತದೆ "ಎಕೋ, ಕಿಚನ್ ಲೈಟ್ ಆನ್" ಅಂದಳು, ಮೀನಿನ ಕಿವಿರು ಕೀಳುತ್ತಲೇ. ಸಂಜೆ ಅದೇ ಲೈಟನ್ನು ಎದ್ದು ಹೋಗಿ ಸ್ವಿಚ್ಚಿನಲ್ಲಿ ಆರಿಸಿದಳು.

ಬಿಚ್ಚಿದ ಮೂರು ಬಲ್ಬಿನಲ್ಲಿ ಎರಡು ನನ್ನ ಫ್ಲ್ಯಾಟಿಗೆ ಬಂದಿವೆ. ಬಾಡಿಗೆ ಮನೆಗೆ ಅದೇ ಸರಿ, ಬಿಡುವಾಗ ತಿರುಗಿಸಿ ತೆಗೆದುಕೊಂಡು ಹೋಗಬಹುದು. ಉಳಿದ ಒಂದನ್ನು ಅಮ್ಮ ಡಬ್ಬಿಯಲ್ಲಿ ಎತ್ತಿಟ್ಟಿದ್ದಾಳೆ, ದೀಪಾವಳಿಗೆ ತುಳಸಿಕಟ್ಟೆಯ ಹತ್ತಿರ ಹಾಕಲು. ನೇರಳೆ ಮಾತ್ರ ಬೇಡವಂತೆ.