ಲೀನ್ ಸಲಹೆಗಾರರನ್ನು ಕರೆಸಿದೆವು: ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನ ಅನುಭವ

ಪೀಣ್ಯದಲ್ಲಿ ನಮ್ಮದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮೆಷಿನ್ನುಗಳಲ್ಲಿ ಜಾಬ್‌ವರ್ಕ್ ಮಾಡುವ ಸಣ್ಣ ವರ್ಕ್‌ಶಾಪು. ಬುಶ್, ಫ್ಲ್ಯಾಂಜ್, ಪಂಪಿನ ಶಾಫ್ಟ್, ಗಿರಾಕಿ ಕೊಟ್ಟ ಡ್ರಾಯಿಂಗಿನಂತೆ ಏನು ಬೇಕೋ ಅದು. ಆರ್ಡರಿಗೆ ಬರ ಇರಲಿಲ್ಲ. ಆದರೆ ಡೆಲಿವರಿ ಮಾತ್ರ ವಾರ ವಾರವೂ ಹಿಂದೆ ಬೀಳುತ್ತಿತ್ತು. ಇನ್ನೊಂದು ಮೆಷಿನ್ ಹಾಕೋಣವೆಂದು ಕೊಟೇಶನ್ ತರಿಸಿದ್ದೆ. ‘ಅದಕ್ಕೆ ಮುಂಚೆ ಒಮ್ಮೆ ಇವರನ್ನು ಕರೆಸಿ ನೋಡಿ ಮೇಡಂ’ ಎಂದು ಪಕ್ಕದ ಶೆಡ್ಡಿನವರು ಒಂದು ನಂಬರು ಕೊಟ್ಟರು. ವಾಹನ ಬಿಡಿಭಾಗಗಳ ದೊಡ್ಡ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ನೋಡಿಕೊಂಡು ನಿವೃತ್ತರಾದವರು, ಈಗ ನಮ್ಮಂಥವರಿಗೆ ಲೀನ್, ಅಂದರೆ ವ್ಯರ್ಥವಾಗುವ ಹೊತ್ತು, ಮಾಲು, ಶ್ರಮ ಕಡಿಮೆ ಮಾಡುವ ವಿಧಾನದ ಬಗ್ಗೆ ಸಲಹೆ ಕೊಡುತ್ತಾರೆ. ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ಎರಡನ್ನೂ ಬರೆಯುವುದರಿಂದ ಹೆಸರು ಹಾಕುತ್ತಿಲ್ಲ.

ಬಂದವರು ಆಫೀಸಿನೊಳಗೆ ಕೂರಲಿಲ್ಲ. ನೋಟ್‌ಬುಕ್ಕು, ಸ್ಟಾಪ್‌ವಾಚು ಹಿಡಿದು ಲೇಥ್ ಪಕ್ಕ ನಿಂತರು. ಒಂದು ಜಾಬ್ ಇಳಿಸಿ ಇನ್ನೊಂದಕ್ಕೆ ಸೆಟ್ಟಿಂಗ್ ಮಾಡುವುದನ್ನು ಶುರುವಿನಿಂದ ಕೊನೆಯವರೆಗೂ ನೋಡಿ ಬರೆದುಕೊಂಡರು. ಆಪರೇಟರ್ ಬಾಗಲಕೋಟೆ ಕಡೆಯ ಹುಡುಗ. ಫಸ್ಟ್ ಪೀಸ್ ತೆಗೆದು ಸುಮ್ಮನೆ ನಿಂತಿದ್ದ. ‘ಯಾಕಪ್ಪಾ ನಿಂತೆ?’ ಎಂದು ಕೇಳಿದರು. ‘ಬೋರ್ ಗೇಜ್ ಕ್ಯೂಸಿಯವ್ರ ಕಡೆ ಐತ್ರಿ ಸರ. ಅವ್ರು ಬರೂತನಕ ನಿಂದರಬೇಕ್ರಿ’ ಎಂದ. ಇಡೀ ವರ್ಕ್‌ಶಾಪಿಗೆ ರಂಧ್ರದ ಒಳಅಳತೆ ನೋಡುವ ಆ ಅಳತೆಯ ಗೇಜ್ ಒಂದೇ, ಅದೂ ಕ್ವಾಲಿಟಿ ಚೆಕ್ (ಕ್ಯೂಸಿ) ಮಾಡುವವರ ಬಳಿ. ಇನ್ಸರ್ಟ್ (ಲೋಹ ಕತ್ತರಿಸುವ ಬಿಡಿ ಅಲಗು) ಬೇಕೆಂದರೆ ಸ್ಟೋರಿಗೆ ಬೀಗ, ಕೀಲಿ ಸೂಪರ್‌ವೈಸರ್ ಜೇಬಿನಲ್ಲಿ. ಪೀಸನ್ನು ಕಚ್ಚಿ ಹಿಡಿಯುವ ಮೆತ್ತನೆ ಲೋಹದ ಹಿಡಿಕೆಗಳನ್ನು, ಅಂದರೆ ಸಾಫ್ಟ್ ಜಾಗಳನ್ನು, ಪ್ರತಿ ಸಲವೂ ಪೀಸಿನ ಅಳತೆಗೆ ಹೊಸದಾಗಿ ಬೋರ್ ಮಾಡಬೇಕು, ಏಕೆಂದರೆ ಹಿಂದಿನ ಸಲ ಬೋರ್ ಮಾಡಿದ ಸೆಟ್ ಯಾವ ಜಾಬಿನದು ಎಂದು ಯಾರಿಗೂ ಗೊತ್ತಿಲ್ಲ. ಎರಡೂವರೆ ಗಂಟೆ ಹಿಡಿದ ಆ ಸೆಟ್ಟಿಂಗಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಹುಡುಕಾಟಕ್ಕೆ, ಕಾಯುವುದಕ್ಕೆ ಹೋಗಿತ್ತು.

ಟೀ ಹೊತ್ತಿಗೆ ಎಲ್ಲರನ್ನೂ ಕೂರಿಸಿಕೊಂಡು ಶಿಗೆಯೊ ಶಿಂಗೊ ಎಂಬ ಜಪಾನಿ ಎಂಜಿನಿಯರ್ ಕಥೆ ಹೇಳಿದರು. 1969ರಲ್ಲಿ ಟೊಯೊಟಾದ 1,000 ಟನ್ ಪ್ರೆಸ್ಸಿಗೆ ಡೈ (ಅಚ್ಚು) ಬದಲಿಸಲು 4 ಗಂಟೆ ಹಿಡಿಯುತ್ತಿತ್ತಂತೆ. ಅದನ್ನು ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಸಿದರು. ವಿಧಾನ ಸರಳ: ಮೆಷಿನ್ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮುಗಿಸಿಟ್ಟುಕೊಳ್ಳಬಹುದಾದದ್ದು ಯಾವುದು, ಎರಡನ್ನೂ ಬೇರೆ ಮಾಡುವುದು. ಆಮೇಲೆ ನಮ್ಮ ಹುಡುಗರ ಕೈಗೇ ಚಾಕ್‌ಪೀಸ್ ಕೊಟ್ಟು ಆ ಪಟ್ಟಿ ಮಾಡಿಸಿದರು. ನನಗೆ ತುಂಬಾ ಹಿಡಿಸಿದ್ದು ಇದೇ. ಮಾಲೀಕರು ಹೇಳಿದ್ದಕ್ಕೆ ಮಾಡುವುದು ಬೇರೆ, ತಾವೇ ಬರೆದ ಪಟ್ಟಿಯಂತೆ ಮಾಡುವುದು ಬೇರೆ.

ಈಗ ಪ್ರತಿ ಜಾಬಿಗೂ ಒಂದು ಟ್ರೇ. ಅದರಲ್ಲಿ ಡ್ರಾಯಿಂಗ್, ಇನ್ಸರ್ಟ್, ಅಲೆನ್ ಕೀ, ಗೇಜ್. ಹಿಂದಿನ ಜಾಬ್ ಓಡುತ್ತಿರುವಾಗಲೇ ಟ್ರೇ ಸಿದ್ಧವಾಗಿರುತ್ತದೆ. ಮತ್ತೆ ಮತ್ತೆ ಬರುವ ಜಾಬುಗಳ ಸಾಫ್ಟ್ ಜಾಗಳ ಮೇಲೆ ನಂಬರ್ ಪಂಚ್ ಮಾಡಿ ಸೆಟ್ ಸೆಟ್ ಆಗಿ ಇಟ್ಟಿದ್ದೇವೆ. ಹಾಕಿದ ಮೇಲೆ ಒಂದು ಸಣ್ಣ ಕಟ್ ಹೊಡೆದರೆ ಮುಗಿಯಿತು. ಇನ್ನೊಂದು ಬೋರ್ ಗೇಜ್ ಕೊಂಡೆ. ಮೊದಲಿನ ಎರಡೂವರೆ ಗಂಟೆಯ ಸೆಟ್ಟಿಂಗ್ ಈಗ ಒಂದು ಗಂಟೆಯೊಳಗೆ ಮುಗಿಯುತ್ತಿದೆ. ಹೊಸ ಮೆಷಿನ್ ಆರ್ಡರ್ ಮಾಡಲಿಲ್ಲ, ಸದ್ಯಕ್ಕೆ ಬೇಕಾಗಿಯೂ ಇಲ್ಲ.

ಓಇಇ, ಅಂದರೆ ಮೆಷಿನ್ ಒಟ್ಟಾರೆ ಎಷ್ಟು ಚೆನ್ನಾಗಿ ಬಳಕೆಯಾಗುತ್ತಿದೆ ಎನ್ನುವ ಲೆಕ್ಕವನ್ನೂ ಕಲಿಸಿದರು. ಮೆಷಿನ್ ಓಡಬೇಕಾದ ಹೊತ್ತಿನಲ್ಲಿ 90% ಓಡಿತು, ಓಡಬೇಕಾದ ವೇಗದ 80% ಓಡಿತು, ತೆಗೆದ ಪೀಸುಗಳಲ್ಲಿ 95% ಪಾಸಾಯಿತು ಎಂದುಕೊಳ್ಳಿ. ಬಿಡಿಬಿಡಿಯಾಗಿ ನೋಡಿದರೆ ಮೂರೂ ಚೆನ್ನಾಗಿವೆ. ಗುಣಿಸಿದರೆ ಬರುವುದು 68.4%. ಎಲ್ಲರೂ ಹೇಳುವ 85%ರ ಗುರಿಯನ್ನು ನಮ್ಮ ಗೋಡೆಗೆ ಬರೆಯಬೇಡಿ ಎಂದೂ ಅವರೇ ಹೇಳಿದರು. ದಿನಕ್ಕೊಂದು ಜಾಬ್ ಬದಲಿಸುವವರು ಒಂದೇ ಪೀಸನ್ನು ತಿಂಗಳುಗಟ್ಟಲೆ ತೆಗೆಯುವ ಲೈನಿನ ಜೊತೆ ಹೋಲಿಸಿಕೊಳ್ಳಬಾರದು, ನಿಮ್ಮ ಹೋದ ತಿಂಗಳಿನ ಜೊತೆ ಹೋಲಿಸಿಕೊಳ್ಳಿ ಎಂದರು. ಪ್ರಾಮಾಣಿಕವಾದ ಮಾತು.

ಇನ್ನು ಹಿಡಿಸದ್ದು. ಅವರು ಕೊಟ್ಟ ಶಿಫ್ಟ್ ರಿಪೋರ್ಟ್ ಫಾರಂ ದೊಡ್ಡ ಕಾರ್ಖಾನೆಯದು, ಉದ್ದಕ್ಕೂ ಕಾಲಮ್ಮುಗಳು. ಎಣ್ಣೆ ಕೈಯಲ್ಲಿ ಅದನ್ನು ತುಂಬುವುದು ಯಾರು? ಶಿಫ್ಟ್ ಮುಗಿಯುವ ಹೊತ್ತಿಗೆ ಅಂದಾಜಿನ ಮೇಲೆ ಎಲ್ಲವನ್ನೂ ಗೀಚಿ ಇಡುತ್ತಿದ್ದರು. ಕೊನೆಗೆ ಮೂರೇ ಕಾಲಮ್ಮು ಉಳಿಸಿಕೊಂಡೆವು: ಎಷ್ಟು ಪೀಸ್, ಎಷ್ಟು ರಿಜೆಕ್ಟ್, ಮೆಷಿನ್ ಯಾಕೆ ನಿಂತಿತು. ಈಗ ಬರುವ ಅಂಕಿಗಳನ್ನು ನಂಬಬಹುದು.

ಇದಕ್ಕಿಂತ ದೊಡ್ಡ ಕೊರತೆ ದುಡ್ಡಿನ ವಿಷಯದ್ದು. ಮಾಲು ಬೇಗ ಹೊರಟರೆ ಮುಂದಿನ ಆರ್ಡರಿನ ರಾಡ್ ಬೇಗ ಕೊಳ್ಳಬೇಕು, ಕೈಯಿಂದ ದುಡ್ಡು ಬೇಗ ಹೋಗುತ್ತದೆ. ಗಿರಾಕಿಯ ಪೇಮೆಂಟ್ ಮಾತ್ರ ಹಳೇ ನಡಿಗೆಯಲ್ಲೇ ಬರುತ್ತದೆ. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳಿಗಾಗಿ ಮಾಡಿದ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನಮ್ಮಂಥವರಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಳಿದರೆ ಆರ್ಡರ್ ನಿಂತೀತೆಂದು ಯಾರೂ ಕೇಳುವುದಿಲ್ಲ. ಸಲಹೆಗಾರರು ಇದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಉತ್ಪಾದನೆ ಹೆಚ್ಚಿಸಿ ಎನ್ನುವವರು ಅದಕ್ಕೆ ಬೇಕಾಗುವ ವರ್ಕಿಂಗ್ ಕ್ಯಾಪಿಟಲ್ ಲೆಕ್ಕವನ್ನೂ ಜೊತೆಗೇ ಹಾಕಿಕೊಡಬೇಕು. ಸಣ್ಣ ವರ್ಕ್‌ಶಾಪು ಬೀಳುವುದು ಅಲ್ಲಿಯೇ.

ಶುಲ್ಕ ನಮ್ಮ ಮಟ್ಟಕ್ಕೆ ಕಡಿಮೆಯೇನಲ್ಲ, ಆದರೆ ಮೆಷಿನ್ ಸಾಲದ ಕಂತಿನ ಮುಂದೆ ಭಾರವೆನಿಸಲಿಲ್ಲ. ನಾನು ಪೂರ್ತಿ ಕೈಯಿಂದಲೇ ಕೊಟ್ಟೆ. ಉದ್ಯಮ್ (ಇಂಥ ಉದ್ಯಮಗಳ ಸರ್ಕಾರಿ) ನೋಂದಣಿ ಇರುವವರು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಶುರುಮಾಡಿದ ಎಂಎಸ್‌ಎಂಇ ಲೀನ್ ಯೋಜನೆಯನ್ನೂ ನೋಡಬಹುದು. ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಎಂದು ಮೂರು ಹಂತ. ಸಲಹೆಯ ವೆಚ್ಚದಲ್ಲಿ 90% ಸರ್ಕಾರದ್ದು, ಮಹಿಳೆಯರ ಉದ್ಯಮಗಳಿಗೆ ಇನ್ನೂ 5% ಹೆಚ್ಚು.

ಈಗ ಡ್ರಿಲ್ಲಿಂಗ್ ಸೆಕ್ಷನ್ನಿಗೂ ಇವರನ್ನೇ ಮತ್ತೆ ಕರೆದಿದ್ದೇನೆ. ಫಾರಂ ನಾವೇ ಮಾಡುತ್ತೇವೆಂದು ಈ ಸಲ ಮೊದಲೇ ಹೇಳಿದ್ದೇನೆ, ಒಪ್ಪಿದ್ದಾರೆ.