ಕರಣಿಗಳ ಗುಣಾಕಾರ: ಮೊದಲು ಸುಲಭಗೊಳಿಸೋದಾ, ಮೊದಲು ಗುಣಿಸೋದಾ?

ಇಲ್ಲಿ ಕರಣಿ ಅಂದ್ರೆ √2, √98 ಥರದ, ಪೂರ್ಣಸಂಖ್ಯೆಯಾಗಿ ಬರದ ವರ್ಗಮೂಲ. ಎರಡು ದಾರಿಗೂ ಉತ್ತರ ಒಂದೇ. ಆದರೆ ಬೀಳುವ ಶ್ರಮ ಒಂದೇ ಅಲ್ಲ.

√98 × √48 ತಗೊಳ್ಳಿ. ನೇರವಾಗಿ ಗುಣಿಸಿದರೆ √4704. ಈಗ ಇದರೊಳಗೆ ಯಾವ ವರ್ಗಸಂಖ್ಯೆ ಅಡಗಿದೆ ಅಂತ ಹುಡುಕಬೇಕು. 784 (28 × 28) ಇದೆ, ಆದರೆ ಅದು ಯಾರ ಕಣ್ಣಿಗೆ ತಟ್ಟನೆ ಬೀಳುತ್ತದೆ? ಅದೇ ಮೊದಲು ಬಿಡಿಸಿ ನೋಡಿ. 98 ಅಂದ್ರೆ 49 × 2, ಹಾಗಾಗಿ 7√2. 48 ಅಂದ್ರೆ 16 × 3, ಹಾಗಾಗಿ 4√3. ಹೊರಗಿನದನ್ನು ಹೊರಗಿನದಕ್ಕೆ, ಒಳಗಿನದನ್ನು ಒಳಗಿನದಕ್ಕೆ ಗುಣಿಸಿದರೆ 28√6. ಬಾಯಿಲೆಕ್ಕದಲ್ಲೇ ಮುಗಿಯಿತು.

√2 × √18 ಬಂದರೆ ಮಾತ್ರ ಸುಮ್ನೆ ಗುಣಿಸಿಬಿಡಿ. √36, ಅಂದರೆ 6. ಇಲ್ಲಿ ಬಿಡಿಸುವುದೇ ಜಾಸ್ತಿ ಕೆಲಸ.

√6 × √15 ಸ್ವಲ್ಪ ಬೇರೆ ಥರ. ಎರಡನ್ನೂ ಸುಲಭಗೊಳಿಸಲು ಆಗಲ್ಲ. ಆದರೆ ಎರಡರಲ್ಲೂ 3 ಇದೆ, ಅಲ್ವಾ? ಆ ಜೋಡಿ ಒಂದು 3 ಆಗಿ ಹೊರಬರುತ್ತದೆ, ಒಳಗೆ 2 × 5 ಉಳಿಯುತ್ತದೆ: 3√10. ನನಗೆ ತುಂಬಾ ಇಷ್ಟವಾದ ದಾರಿ ಇದು.

ಪರೀಕ್ಷೆಗೆ ಒಂದೇ ದಾರಿ ರೂಢಿಸಿಕೊಳ್ಳುವುದಾದರೆ ಮೊದಲು ಸುಲಭಗೊಳಿಸುವುದನ್ನೇ ಆರಿಸಿ. ದೊಡ್ಡ ಸಂಖ್ಯೆಯಲ್ಲೇ ತಪ್ಪು ನುಸುಳುವುದು. ಇನ್ನೊಂದು ಮಾತು: √a × √b = √ab ಅನ್ನುವುದನ್ನು ಎರಡೂ ಋಣಸಂಖ್ಯೆ ಇದ್ದಾಗ ಬಳಸಬೇಡಿ.